ಹಲಗೆ ಬಿದ್ದ ಮೇಲೆ

ಕುಂದಾಪುರದ ಕೋಡಿಯಲ್ಲಿ ಸಕ್ಕರೆ ಕಾಯಿಲೆ ಇರುವವರಿಗೆ ಮನೆಯವರು ಹೇಳುವ ಮಾತೊಂದಿದೆ: "ಗುಳಿಗೆ ತಿಂದ್ ಉಣ್ದೆ ಇಪ್ಪುಕಾಗ." ಗುಳಿಗೆ ನುಂಗಿ ಊಟ ಬಿಟ್ಟರೆ ಏನಾಗುತ್ತದೆ ಎಂಬುದು ಕಂಡವರಿಗೆ ಗೊತ್ತು. ಕೈ ನಡುಗುತ್ತದೆ, ಮೈ ತಣ್ಣಗೆ ಬೆವರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಮಾತು ತಡವರಿಸುತ್ತದೆ. ಸಕ್ಕರೆ ನೀರು ಕುಡಿಸಿದರೆ ಹತ್ತು ಹದಿನೈದು ನಿಮಿಷದಲ್ಲಿ ಮನುಷ್ಯ ಎದ್ದು ಕೂರುತ್ತಾನೆ. "ಶುಗರ್ ಲೋ ಆಯ್ತು" ಎಂದು ಎಲ್ಲರೂ ಸಮಾಧಾನಪಟ್ಟುಕೊಳ್ಳುತ್ತಾರೆ.

ಇಲ್ಲೊಂದು ಒಗಟು ಉಳಿಯುತ್ತದೆ. ಅದೇ ಬೀದಿಯಲ್ಲಿ ಮೆಟ್‌ಫಾರ್ಮಿನ್ ಎಂಬ ಗುಳಿಗೆಯೊಂದನ್ನೇ ನುಂಗುವ ಇನ್ನೊಬ್ಬರು ಏಕಾದಶಿಗೆ ಊಟ ಬಿಟ್ಟರೂ ಹೀಗೆ ಬೀಳುವುದು ತೀರ ಅಪರೂಪ. ಕಾಯಿಲೆ ಒಂದೇ, ಇಬ್ಬರ ಕೈಯಲ್ಲೂ ಶುಗರ್ ಗುಳಿಗೆಯೇ, ಇಬ್ಬರ ಹೊಟ್ಟೆಯೂ ಖಾಲಿ. ಆದರೂ ಒಬ್ಬರ ರಕ್ತದ ಸಕ್ಕರೆ ಮಾತ್ರ ಏಕೆ ಕುಸಿಯಿತು? ಇನ್ನೂ ಸರಳವಾದ ಪ್ರಶ್ನೆ: ಕಾಯಿಲೆ ಇಲ್ಲದವರು ಇಡೀ ದಿನ ಉಪವಾಸ ಇದ್ದರೂ ಹೀಗಾಗುವುದಿಲ್ಲವಲ್ಲ, ಅವರ ದೇಹಕ್ಕೆ ಸಕ್ಕರೆ ಇಳಿಸುವ ಇನ್ಸುಲಿನ್ ನಿಲ್ಲಿಸಬೇಕು ಎಂದು ತಿಳಿಸುವವರು ಯಾರು?

ಈ ಪ್ರಶ್ನೆಗಳಿಗೆಲ್ಲ ಉತ್ತರ ಒಂದೇ ಕಡೆ ಇದೆ. ಮೇದೋಜೀರಕ ಗ್ರಂಥಿಯ ಒಂದು ಬಗೆಯ ಜೀವಕೋಶದ ಪೊರೆಯಲ್ಲಿ, ಪೊಟ್ಯಾಸಿಯಂ ಹೊರಗೆ ಹೋಗುವ ಒಂದು ಕಿಂಡಿಯಲ್ಲಿ. ವಿಜ್ಞಾನಿಗಳು ಇಂಥದ್ದನ್ನು ಚಾನೆಲ್ ಎನ್ನುತ್ತಾರೆ. ನಾವು ಕಿಂಡಿ ಎಂದೇ ಕರೆಯೋಣ.

ಗ್ರಂಥಿಯೊಳಗಿನ ಕುದ್ರುಗಳು

ಮೇದೋಜೀರಕ ಗ್ರಂಥಿ ಹೊಟ್ಟೆಯ ಹಿಂದೆ ಅಡ್ಡವಾಗಿ ಮಲಗಿದೆ. ಅದರ ಬಹುಪಾಲು ಕೆಲಸ ಊಟ ಕರಗಿಸುವ ರಸ ತಯಾರಿಸುವುದು. ಆ ರಸ ಮಾಡುವ ಕೋಶಗಳ ನಡುವೆ ಅಲ್ಲಲ್ಲಿ ಬೇರೆಯೇ ಬಗೆಯ ಕೋಶಗಳ ಸಣ್ಣ ಗುಂಪುಗಳಿವೆ. 1869ರಲ್ಲಿ ಜರ್ಮನಿಯ ಪೌಲ್ ಲ್ಯಾಂಗರ್‌ಹ್ಯಾನ್ಸ್ ಎಂಬ ವೈದ್ಯ ವಿದ್ಯಾರ್ಥಿ ಇವನ್ನು ಮೊದಲು ಕಂಡ. ಅವು ಏನು ಮಾಡುತ್ತವೆ ಎಂದು ಅವನಿಗೆ ತಿಳಿಯಲಿಲ್ಲ. ಮುಂದೆ ಅವಕ್ಕೆ ಅವನದೇ ಹೆಸರು ಬಂತು. ಪಂಚಗಂಗಾವಳಿ ಹೊಳೆಯ ದಡದವರಿಗೆ ಇವನ್ನು ಲ್ಯಾಂಗರ್‌ಹ್ಯಾನ್ಸ್ ಕುದ್ರುಗಳು, ಅಂದರೆ ನಡುಗಡ್ಡೆಗಳು, ಎಂದರೆ ಸಾಕು.

ಒಬ್ಬ ಮನುಷ್ಯನಲ್ಲಿ ಇಂಥ ಕುದ್ರುಗಳು ಸುಮಾರು 10 ಲಕ್ಷ. ಆದರೂ ಎಲ್ಲ ಸೇರಿ ಗ್ರಂಥಿಯ ತೂಕದ ನೂರರಲ್ಲಿ ಒಂದೆರಡು ಪಾಲು ಅಷ್ಟೆ. ಅವುಗಳಲ್ಲಿರುವ ಬೀಟಾ ಕೋಶಗಳು ಇನ್ಸುಲಿನ್ ತಯಾರಿಸುತ್ತವೆ. ತಯಾರಾದ ಇನ್ಸುಲಿನ್ ಕೂಡಲೇ ಹೊರಬೀಳುವುದಿಲ್ಲ. ಪ್ರತಿ ಕೋಶದೊಳಗೂ ಸಾವಿರಾರು ಕಿರುಚೀಲಗಳಲ್ಲಿ ತುಂಬಿ ಕಾದಿರುತ್ತದೆ. ಮಧ್ಯಾಹ್ನ ಕುಚ್ಚಲಕ್ಕಿ ಗಂಜಿಯೋ ಅನ್ನವೋ ಹೊಟ್ಟೆಗೆ ಬಿದ್ದು ಕರಗಿ ಗ್ಲೂಕೋಸ್ ಆಗಿ ರಕ್ತಕ್ಕೆ ಸೇರಿದಾಗ ಚೀಲಗಳು ಒಡೆಯಬೇಕು. ಊಟ ಮುಗಿದು ಸಕ್ಕರೆ ಇಳಿದಾಗ ಒಡೆಯುವುದು ನಿಲ್ಲಬೇಕು. ಈ ಎರಡನೆಯ ಕೆಲಸವನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ. ನನ್ನ ಮಟ್ಟಿಗೆ ಬೀಟಾ ಕೋಶದ ನಿಜವಾದ ಜಾಣತನ ಇರುವುದು ನಿಲ್ಲಿಸುವುದರಲ್ಲೇ. ಇನ್ಸುಲಿನ್ ಸುರಿಯುತ್ತಲೇ ಇದ್ದರೆ ಮಿದುಳಿಗೆ ಬೇಕಾದ ಸಕ್ಕರೆಯೇ ಉಳಿಯದೆ ಮನುಷ್ಯ ಬದುಕಲಾರ.

ಹಾಗಾದರೆ ರಕ್ತದಲ್ಲಿ ಸಕ್ಕರೆ ಎಷ್ಟಿದೆ ಎಂದು ಕೋಶಕ್ಕೆ ಗೊತ್ತಾಗುವುದು ಹೇಗೆ? ಅದರ ಮೈಮೇಲೆ ಸಕ್ಕರೆಯ ರುಚಿ ನೋಡುವ ನಾಲಗೆಯಂಥದ್ದು ಇರಬೇಕು ಎಂದು ಬಹುಕಾಲ ವಿಜ್ಞಾನಿಗಳಲ್ಲೂ ಹಲವರು ಊಹಿಸಿದ್ದರು. ಕೋಶ ಮಾಡುವುದೇ ಬೇರೆ. ಅದು ಸಕ್ಕರೆಯನ್ನು ಒಳಗೆಳೆದು ಉರಿಸುತ್ತದೆ, ಉರಿಸಿದಾಗ ತನಗೆ ಸಿಕ್ಕ ಶಕ್ತಿ ಎಷ್ಟು ಎಂದು ನೋಡಿಕೊಳ್ಳುತ್ತದೆ.

ಹೊಳೆಗೆ ಹಲಗೆ ಹಾಕಿದಾಗ

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯವರು ಕಿಂಡಿ ಅಣೆಕಟ್ಟು ನೋಡಿಯೇ ಇರುತ್ತಾರೆ. ಹೊಳೆಗೆ ಅಡ್ಡವಾಗಿ ಕಾಂಕ್ರೀಟಿನ ಕಂಬಗಳು, ಕಂಬಗಳ ನಡುವೆ ಕಿಂಡಿಗಳು. ಮಳೆಗಾಲದಲ್ಲಿ ಕಿಂಡಿಗಳು ತೆರೆದೇ ಇರುತ್ತವೆ, ಬಂದ ನೀರು ಬಂದ ಹಾಗೆ ಸಮುದ್ರಕ್ಕೆ ಹೋಗುತ್ತದೆ. ಮಳೆ ಹಿಂದೆ ಸರಿದ ಮೇಲೆ ಕಿಂಡಿಗಳಿಗೆ ಹಲಗೆ ಇಳಿಸುತ್ತಾರೆ. ಆಗ ಅಣೆಯ ಹಿಂದೆ ನೀರಿನ ಮಟ್ಟ ಏರಲು ತೊಡಗುತ್ತದೆ. ಗಮನಿಸಬೇಕಾದದ್ದು ಇಷ್ಟೆ: ಮೇಲಿನಿಂದ ಬರುವ ನೀರು ಒಂದು ಚೊಂಬಿನಷ್ಟೂ ಹೆಚ್ಚಾಗಿಲ್ಲ, ಹೋಗುವುದು ನಿಂತಿದೆ, ಅಷ್ಟಕ್ಕೇ ಮಟ್ಟ ಏರಿತು. ಏರಿದ ಮಟ್ಟ ಪಕ್ಕದ ತೋಡಿನ ಅಂಚು ಮುಟ್ಟಿದರೆ ನೀರು ಗದ್ದೆಯ ಕಡೆ ತಿರುಗುತ್ತದೆ.

ಬೀಟಾ ಕೋಶದಲ್ಲಿ ನಡೆಯುವುದೂ ಇದೇ. ಪ್ರತಿ ಜೀವಕೋಶದೊಳಗೂ ಪೊಟ್ಯಾಸಿಯಂ ಬಹಳ, ಹೊರಗೆ ಕಡಿಮೆ. ಒಳಗೆ ಸುಮಾರು 30 ಪಟ್ಟು ಹೆಚ್ಚು. ಪೊರೆಯಲ್ಲಿ ಸದಾ ದುಡಿಯುವ ಒಂದು ಪಂಪು ಅದನ್ನು ಒಳಗೆ ತುಂಬುತ್ತಿರುತ್ತದೆ, ಪೊಟ್ಯಾಸಿಯಂ ಕಿಂಡಿಗಳ ಮೂಲಕ ಅದು ಹೊರಗೆ ಸೋರುತ್ತಿರುತ್ತದೆ. ಪೊಟ್ಯಾಸಿಯಂನ ಪ್ರತಿ ಕಣವೂ ಒಂದು ಧನ ವಿದ್ಯುದಂಶವನ್ನು ಹೊತ್ತಿದೆ. ಅದು ಹೊರಗೆ ಹೋದಷ್ಟೂ ಕೋಶದ ಒಳಭಾಗ ಋಣವಾಗುತ್ತದೆ. ಊಟ ಮಾಡದೆ ಇರುವಾಗ ಬೀಟಾ ಕೋಶದ ಒಳಗು ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಕೆಳಗಿರುತ್ತದೆ. ಅಂದರೆ ಕಿಂಡಿಗಳು ತೆರೆದಿವೆ, ಮಟ್ಟ ತಗ್ಗಿದೆ, ಇನ್ಸುಲಿನ್ ಚೀಲಗಳು ಅಲ್ಲಾಡದೆ ಕೂತಿವೆ.

ಈಗ ಊಟ ಆಯಿತು ಎಂದುಕೊಳ್ಳಿ. ರಕ್ತದ ಗ್ಲೂಕೋಸ್ ಏರುತ್ತದೆ, ಅದೇ ಪ್ರಮಾಣದಲ್ಲಿ ಕೋಶದೊಳಗೂ ಹೋಗುತ್ತದೆ. ಅಲ್ಲಿ ಗ್ಲೂಕೋಕೈನೇಸ್ ಎಂಬ ಕಿಣ್ವ ಅದನ್ನು ಹಿಡಿದು ಉರಿಯುವ ದಾರಿಗೆ ಹಚ್ಚುತ್ತದೆ. ಈ ಕಿಣ್ವಕ್ಕೆ ಅವಸರವಿಲ್ಲ. ಸಕ್ಕರೆ ಸ್ವಲ್ಪವೇ ಇದ್ದರೆ ನಿಧಾನ, ಹೆಚ್ಚಿದರೆ ಚುರುಕು. ನೂರು ಮಿಲಿಲೀಟರ್ ರಕ್ತದಲ್ಲಿ ಸಕ್ಕರೆ ಸುಮಾರು 90 ಮಿಲಿಗ್ರಾಂ ದಾಟಿದ ಮೇಲೆ ಇನ್ಸುಲಿನ್ ಏರತೊಡಗುವುದಕ್ಕೆ ಈ ಕಿಣ್ವದ ಸ್ವಭಾವ ದೊಡ್ಡ ಕಾರಣ. ಗ್ಲೂಕೋಸ್ ಉರಿದಾಗ ಎಟಿಪಿ ಹುಟ್ಟುತ್ತದೆ. ನಮ್ಮ ದೇಹದ ಎಲ್ಲ ಕೋಶಗಳೂ ತಮ್ಮ ಕೆಲಸಕ್ಕೆ ಖರ್ಚು ಮಾಡುವ ಶಕ್ತಿ ಈ ಅಣುವಿನಲ್ಲಿದೆ. ಖರ್ಚಾದಾಗ ಅದು ಎಡಿಪಿ ಆಗಿ ಉಳಿಯುತ್ತದೆ.

ಹಲಗೆ ಎಂದರೆ ಈ ಎಟಿಪಿಯೇ. ಅದು ಪೊಟ್ಯಾಸಿಯಂ ಕಿಂಡಿಗೆ ಒಳಗಿನಿಂದ ಬಂದು ಅಂಟಿಕೊಂಡರೆ ಕಿಂಡಿ ಮುಚ್ಚುತ್ತದೆ. ಎಡಿಪಿ ಹೆಚ್ಚಾದರೆ ತೆರೆಯುತ್ತದೆ. ಎಟಿಪಿ ಹೆಚ್ಚಿ ಎಡಿಪಿ ತಗ್ಗಿದಂತೆ ಒಂದೊಂದೇ ಕಿಂಡಿಗೆ ಹಲಗೆ ಬೀಳುತ್ತ ಹೋಗುತ್ತದೆ. ಪೊಟ್ಯಾಸಿಯಂ ಹೊರಗೆ ಹೋಗುವುದು ನಿಂತಾಗ, ಬೇರೆ ದಾರಿಗಳಲ್ಲಿ ಮೊದಲಿನಿಂದಲೂ ತುಸುವೇ ಒಳಬರುತ್ತಿದ್ದ ಧನ ವಿದ್ಯುದಂಶ ಒಳಗೇ ಉಳಿಯುತ್ತದೆ. ಒಳಗಿನ ಮಟ್ಟ 70 ಮಿಲಿವೋಲ್ಟಿನ ತಗ್ಗಿನಿಂದ ಮೇಲೇರಿ 50ರ ಆಸುಪಾಸಿಗೆ ಬಂದಾಗ ಪೊರೆಯಲ್ಲಿರುವ ಇನ್ನೊಂದು ಬಗೆಯ ಬಾಗಿಲುಗಳು ತೆರೆಯುತ್ತವೆ. ಅವು ಕ್ಯಾಲ್ಸಿಯಂ ಬಾಗಿಲುಗಳು. ವಿದ್ಯುತ್ ಮಟ್ಟ ಏರಿದರೆ ಮಾತ್ರ ತೆರೆಯುವಂಥವು. ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಅದು ಬಂದದ್ದೇ ಪೊರೆಯ ಅಂಚಿನಲ್ಲಿ ಕಾದಿದ್ದ ಚೀಲಗಳು ಪೊರೆಗೆ ಬೆಸೆದು ಒಡೆದು ಇನ್ಸುಲಿನ್ ರಕ್ತಕ್ಕೆ ಬೀಳುತ್ತದೆ.

ಅಣೆಕಟ್ಟಿನ ಹೋಲಿಕೆ ಇಲ್ಲಿಗೆ ಮುಗಿಯುತ್ತದೆ, ಎಳೆದು ಉದ್ದ ಮಾಡುವುದು ಬೇಡ. ಕೋಶದಲ್ಲಿ ಏರುವುದು ವಿದ್ಯುತ್ತಿನ ಮಟ್ಟವೇ ಹೊರತು ದ್ರವದ ಮಟ್ಟವಲ್ಲ. ಕೆಲಸ ಶುರುವಾಗುವುದು ಒಂದು ಕಿಂಡಿ ಮುಚ್ಚಿದ್ದರಿಂದ ಎಂಬುದಷ್ಟು ಮನಸ್ಸಿನಲ್ಲಿ ಉಳಿದರೆ ಮುಂದಿನದೆಲ್ಲ ತಾನಾಗಿ ತಿಳಿಯುತ್ತದೆ.

ಸೀಯಾಳ ಕುಡಿದರೆ ಹೇಗೆ?

ಪೊಟ್ಯಾಸಿಯಂ ಎಂದ ಕೂಡಲೇ ಕರಾವಳಿಯವರಿಗೆ ನೆನಪಾಗುವುದು ಸೀಯಾಳ. ಅದರಲ್ಲಿ ಪೊಟ್ಯಾಸಿಯಂ ಧಾರಾಳವಾಗಿದೆ, ಬಾಳೆಹಣ್ಣಿನಲ್ಲೂ ಇದೆ. ಹಾಗೆಂದು ಸೀಯಾಳ ಕುಡಿದು ಈ ಕಿಂಡಿ ಮುಚ್ಚಲು ಆಗುವುದಿಲ್ಲ, ತೆರೆಯಲೂ ಆಗುವುದಿಲ್ಲ. ಮೂತ್ರಪಿಂಡಗಳು ಆರೋಗ್ಯವಾಗಿದ್ದರೆ ಹೆಚ್ಚಾದದ್ದನ್ನು ಹೊರಹಾಕಿ ರಕ್ತದ ಪೊಟ್ಯಾಸಿಯಂ ಅನ್ನು ಒಂದು ಚಿಕ್ಕ ಮಿತಿಯೊಳಗೆ ಹಿಡಿದಿಡುತ್ತವೆ. ಮೂತ್ರಪಿಂಡ ಸೋತವರಿಗೆ ವೈದ್ಯರು ಸೀಯಾಳ ಬೇಡ ಎನ್ನುವುದು ಹೃದಯದ ಬಡಿತ ಕೆಡುತ್ತದೆ ಎಂಬ ಕಾರಣಕ್ಕೆ. ಕಿಂಡಿಯನ್ನು ಮುಚ್ಚುವುದು ಎಟಿಪಿ, ಇಲ್ಲವೇ ಒಂದು ಗುಳಿಗೆ.

ಟೈಫಾಯ್ಡ್ ಮದ್ದಿನಿಂದ ಬಂದ ಸುಳಿವು

ಗುಳಿಗೆಯ ಸುಳಿವು ಮೊದಲು ಬಂತು. ಕಿಂಡಿ ಸಿಕ್ಕಿದ್ದು 40 ವರ್ಷ ಕಳೆದ ಮೇಲೆ.

1942ರಲ್ಲಿ, ಯುದ್ಧದ ನಡುವೆ, ಫ್ರಾನ್ಸಿನ ಮಾಂಪೆಲಿಯೇ ನಗರದಲ್ಲಿ ಮಾರ್ಸೆಲ್ ಜಾನ್‌ಬೋ ಎಂಬ ವೈದ್ಯರು ಟೈಫಾಯ್ಡ್ ರೋಗಿಗಳಿಗೆ ಸಲ್ಫಾ ಜಾತಿಯ ಹೊಸ ಮದ್ದೊಂದನ್ನು ಕೊಟ್ಟು ನೋಡುತ್ತಿದ್ದರು. ಕೆಲವು ರೋಗಿಗಳು ನಡುಗಿದರು, ಬೆವರಿದರು, ಪ್ರಜ್ಞೆ ತಪ್ಪಿದರು, ಕೆಲವರು ತೀರಿಕೊಂಡರು. ರಕ್ತ ಪರೀಕ್ಷಿಸಿದಾಗ ಸಕ್ಕರೆ ತೀರ ಕೆಳಗಿತ್ತು. ಅದೇ ಊರಿನ ಆಗಸ್ಟ್ ಲೂಬಾತಿಯೇರ್ ಎಂಬ ಶರೀರವಿಜ್ಞಾನಿ ಈ ಮದ್ದನ್ನು ನಾಯಿಗಳ ಮೇಲೆ ಪ್ರಯೋಗಿಸಿದರು. ನಾಯಿಗಳಲ್ಲೂ ಸಕ್ಕರೆ ಇಳಿಯಿತು. ಮೇದೋಜೀರಕ ಗ್ರಂಥಿಯನ್ನು ತೆಗೆದುಹಾಕಿದ ನಾಯಿಗಳಲ್ಲಿ ಮಾತ್ರ ಇಳಿಯಲಿಲ್ಲ. ಮದ್ದು ತಾನೇ ಸಕ್ಕರೆಯನ್ನು ಇಳಿಸುತ್ತಿಲ್ಲ, ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತಿದೆ ಎಂದು ಅವರು ತೀರ್ಮಾನಿಸಿದರು. ಪ್ರಾಣ ತೆಗೆದ ಒಂದು ಅಡ್ಡಪರಿಣಾಮದ ಬೆನ್ನು ಹತ್ತಿ ಕೋಟ್ಯಂತರ ಜನರಿಗೆ ನೆರವಾದ ಮದ್ದು ಹುಟ್ಟಿದ್ದು ಹೀಗೆ. 1950ರ ದಶಕದ ನಡುವಿನಿಂದ ಈ ಜಾತಿಯ ಗುಳಿಗೆಗಳು ಅಂಗಡಿಗೆ ಬಂದವು. ಇವುಗಳ ಮನೆತನದ ಹೆಸರು ಸಲ್ಫೋನೈಲ್‌ಯೂರಿಯ. ಇಂದು ನಮ್ಮಲ್ಲಿ ಬಳಕೆಯಲ್ಲಿರುವ ಗ್ಲಿಬೆನ್‌ಕ್ಲಮೈಡ್, ಗ್ಲಿಕ್ಲಜೈಡ್, ಗ್ಲಿಮೆಪಿರೈಡ್ ಎಲ್ಲವೂ ಇದೇ ಮನೆತನದವು.

1968ರಲ್ಲಿ ಡೀನ್ ಮತ್ತು ಮ್ಯಾಥ್ಯೂಸ್ ಎಂಬ ಇಬ್ಬರು ಬೀಟಾ ಕೋಶಕ್ಕೆ ಗ್ಲೂಕೋಸ್ ಕೊಟ್ಟರೆ ಅದರಲ್ಲಿ ವಿದ್ಯುತ್ತಿನ ಮಿಡಿತ ಏಳುವುದನ್ನು ತೋರಿಸಿದರು. ಏಕೆ ಏಳುತ್ತದೆ ಎಂದು ತಿಳಿಯಲು ಒಂದೊಂದೇ ಕಿಂಡಿಯನ್ನು ಆಲಿಸುವ ಉಪಕರಣ ಬೇಕಿತ್ತು. ಅದನ್ನು 1976ರಲ್ಲಿ ಜರ್ಮನಿಯ ಎರ್ವಿನ್ ನೇಹರ್ ಮತ್ತು ಬರ್ಟ್ ಸಾಕ್‌ಮನ್ ಕೊಟ್ಟರು. ಕೂದಲಿಗಿಂತ ಎಷ್ಟೋ ಪಟ್ಟು ತೆಳುವಾದ ಗಾಜಿನ ನಳಿಗೆಯ ತುದಿಯನ್ನು ಕೋಶದ ಪೊರೆಗೆ ಅಂಟಿಸಿ, ಒಂದೇ ಕಿಂಡಿ ತೆರೆದು ಮುಚ್ಚುವಾಗ ಹರಿಯುವ ವಿದ್ಯುತ್ತನ್ನು ಅಳೆಯುವ ವಿಧಾನ ಅದು. 1991ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಈ ವಿಧಾನದಿಂದಲೇ 1983ರಲ್ಲಿ ಜಪಾನಿನ ಅಕಿನೋರಿ ನೋಮ ಹೃದಯದ ಕೋಶದಲ್ಲಿ ಎಟಿಪಿಗೆ ಮುಚ್ಚುವ ಪೊಟ್ಯಾಸಿಯಂ ಕಿಂಡಿಯನ್ನು ಕಂಡರು. ಮರುವರ್ಷ, 1984ರಲ್ಲಿ, ಆಕ್ಸ್‌ಫರ್ಡ್‌ನ ಫ್ರಾನ್ಸಿಸ್ ಆಷ್‌ಕ್ರಾಫ್ಟ್ ಮತ್ತು ಜೊತೆಗಾರರು ಬೀಟಾ ಕೋಶಕ್ಕೆ ಗ್ಲೂಕೋಸ್ ಕೊಟ್ಟಾಗ ಅದರ ಪೊಟ್ಯಾಸಿಯಂ ಕಿಂಡಿಗಳು ಮುಚ್ಚಿಕೊಳ್ಳುವುದನ್ನು ಪ್ರಕಟಿಸಿದರು. ಅದೇ ವರ್ಷ ಡ್ಯಾನಿಯಲ್ ಕುಕ್ ಮತ್ತು ನಿಕೋಲಸ್ ಹೇಲ್ಸ್ ಅಂಥ ಕಿಂಡಿಗಳನ್ನು ಮುಚ್ಚುವುದು ಎಟಿಪಿ ಎಂದು ತೋರಿಸಿದರು. 1985ರಲ್ಲಿ, ಹೇಲ್ಸ್ ಅವರೂ ಇದ್ದ ತಂಡವೊಂದು ಹಳೆಯ ಸಲ್ಫೋನೈಲ್‌ಯೂರಿಯ ಗುಳಿಗೆಯೂ ಇದೇ ಕಿಂಡಿಯನ್ನು ಮುಚ್ಚುತ್ತದೆ ಎಂದು ಕಂಡಿತು. ಮಾಂಪೆಲಿಯೇಯ ಟೈಫಾಯ್ಡ್ ವಾರ್ಡಿನ ಒಗಟು ಅಲ್ಲಿಗೆ ಬಿಡಿಸಿದಂತಾಯಿತು.

1995ರ ಹೊತ್ತಿಗೆ ಕಿಂಡಿ ಯಾವ ಬಗೆಯ ತುಂಡುಗಳಿಂದಾಗಿದೆ ಎಂಬುದೂ ತಿಳಿಯಿತು. ಅದು ಎಂಟು ತುಂಡುಗಳ ಜೋಡಣೆ. ನಡುವಿನ ನಾಲ್ಕು ತುಂಡುಗಳು ಸೇರಿ ಪೊಟ್ಯಾಸಿಯಂ ಹೋಗುವ ರಂಧ್ರ ಆಗುತ್ತವೆ. ಎಟಿಪಿ ಅಂಟುವುದು ಇವಕ್ಕೆ. ಸುತ್ತ ಇನ್ನೂ ನಾಲ್ಕು ತುಂಡುಗಳು ಕಾವಲು ನಿಂತಿವೆ. ಎಡಿಪಿ ತನ್ನ ಪ್ರಭಾವ ಬೀರುವುದು ಇವುಗಳ ಮೂಲಕ, ಗುಳಿಗೆ ಹಿಡಿಯುವುದೂ ಮುಖ್ಯವಾಗಿ ಇವನ್ನೇ. ರಂಧ್ರದ ತುಂಡು ಬೇರೆ, ಕಾವಲಿನ ತುಂಡು ಬೇರೆ ಎಂಬ ಈ ವಿವರ ನೆನಪಿರಲಿ, ಸ್ವಲ್ಪ ಹೊತ್ತಿನಲ್ಲೇ ಬೇಕಾಗುತ್ತದೆ.

ಗುಳಿಗೆಗೆ ಊಟದ ಸುದ್ದಿ ಗೊತ್ತಿಲ್ಲ

ಈಗ ಮೊದಲಿನ ಪ್ರಶ್ನೆಗಳಿಗೆ ಬರೋಣ. ಉಪವಾಸದಲ್ಲಿರುವ ಆರೋಗ್ಯವಂತನ ಬೀಟಾ ಕೋಶದಲ್ಲಿ ಉರಿಸಲು ಗ್ಲೂಕೋಸ್ ಕಡಿಮೆ, ಎಟಿಪಿ ತಗ್ಗಿದೆ, ಕಿಂಡಿಗಳು ತೆರೆದಿವೆ. ಹೀಗಾಗಿ ಇನ್ಸುಲಿನ್ ತಾನಾಗಿ ಇಳಿಯುತ್ತದೆ. ಯಾರೂ ಬಂದು ಹೇಳಬೇಕಾಗಿಲ್ಲ. ಆದರೆ ಊಟ ಬಿಟ್ಟು ಬೀಳುವವರು ನುಂಗುವ ಸಲ್ಫೋನೈಲ್‌ಯೂರಿಯ ಗುಳಿಗೆ ಕಾವಲಿನ ತುಂಡನ್ನು ಹಿಡಿದು ಕಿಂಡಿ ಮುಚ್ಚಿಸುತ್ತದೆ. ಹೊಟ್ಟೆಗೆ ಊಟ ಬಿದ್ದಿದೆಯೋ ಇಲ್ಲವೋ ಅದಕ್ಕೆ ಲೆಕ್ಕವಿಲ್ಲ. ಊಟ ಮಾಡಿದ್ದರೆ ಹೊರಬಂದ ಇನ್ಸುಲಿನ್ ಆ ಸಕ್ಕರೆಯನ್ನು ಸರಿಮಾಡುತ್ತದೆ. ಊಟ ಇಲ್ಲದಿದ್ದರೆ ಇದ್ದ ಸಕ್ಕರೆಯನ್ನೇ ಕೆಳಗೆಳೆಯುತ್ತದೆ. ಮೆಟ್‌ಫಾರ್ಮಿನ್ ಈ ಕಿಂಡಿಯ ಗೋಜಿಗೇ ಹೋಗುವುದಿಲ್ಲ. ಅದು ಮುಖ್ಯವಾಗಿ ಯಕೃತ್ತು ರಕ್ತಕ್ಕೆ ಸುರಿಯುವ ಸಕ್ಕರೆಯನ್ನು ಕಡಿಮೆ ಮಾಡುತ್ತದೆ. ಆದ್ದರಿಂದಲೇ ಅದೊಂದನ್ನೇ ನುಂಗುವವರು ಉಪವಾಸದಲ್ಲಿ ಸಾಮಾನ್ಯವಾಗಿ ಹೀಗೆ ಬೀಳುವುದಿಲ್ಲ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಅಂದಾಜಿನಂತೆ ಭಾರತದಲ್ಲಿ ಸಕ್ಕರೆ ಕಾಯಿಲೆ ಇರುವವರು 10 ಕೋಟಿಗೂ ಹೆಚ್ಚು. ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ಎರಡನ್ನೂ ಒಂದರಲ್ಲೇ ಸೇರಿಸಿದ ಗುಳಿಗೆ ನಮ್ಮಲ್ಲಿ ಬಹಳ ಬಳಕೆಯಲ್ಲಿದೆ. ಅದನ್ನು ನುಂಗುವ ಎಷ್ಟೋ ಜನರಿಗೆ ತಮ್ಮ ಗುಳಿಗೆಯಲ್ಲಿ ಕಿಂಡಿ ಮುಚ್ಚುವ ಮದ್ದೂ ಇದೆ ಎಂಬುದು ಗೊತ್ತಿಲ್ಲ. ನಸುಕಿಗೇ ಗುಳಿಗೆ ನುಂಗಿ ಬರಿಹೊಟ್ಟೆಯಲ್ಲಿ ದೋಣಿ ಹತ್ತುವವರು, ಕೈರಂಪಣಿ ಬಲೆ ಎಳೆಯುವವರು, ರಂಜಾನ್ ಉಪವಾಸ ಹಿಡಿಯುವವರು, ಜ್ವರ ಬಂದು ಅನ್ನ ಸೇರದೆ ಮಲಗಿದ ಅಜ್ಜಿ, ಇವರೆಲ್ಲ ತಮ್ಮ ಗುಳಿಗೆ ಯಾವುದು ಎಂದು ವೈದ್ಯರಲ್ಲಿ ಕೇಳಿ ತಿಳಿದುಕೊಳ್ಳಬೇಕು. ಮೈಮುರಿದು ದುಡಿದರೆ ಸ್ನಾಯುಗಳೂ ಸಕ್ಕರೆ ಎಳೆದುಕೊಳ್ಳುವುದರಿಂದ ಬಲೆ ಎಳೆಯುವವರಿಗೆ ಅಪಾಯ ಇಮ್ಮಡಿ. ಉಪವಾಸ ಹಿಡಿಯುವವರಿಗೆ ಗುಳಿಗೆಯ ಹೊತ್ತು, ಪ್ರಮಾಣ ಬದಲಿಸಿ ಕೊಡಲು ವೈದ್ಯರಿಗೆ ಬರುತ್ತದೆ. ಆದರೆ ಉಪವಾಸ ಶುರುವಾಗುವ ಮೊದಲೇ ಕೇಳಬೇಕು.

ಸಕ್ಕರೆ 70 ಮಿಲಿಗ್ರಾಂಗಿಂತ ಕೆಳಗಿಳಿದರೆ ಮೂರು ಚಮಚ ಸಕ್ಕರೆಯನ್ನು ನೀರಿಗೆ ಹಾಕಿ ಕುಡಿಸುವುದು ಸರಿ. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬಾರದು, ಆಸ್ಪತ್ರೆಗೇ ಒಯ್ಯಬೇಕು. ಇನ್ನೊಂದು ಮಾತು ಹೆಚ್ಚಿನವರಿಗೆ ತಿಳಿದಿಲ್ಲ. ಸಕ್ಕರೆ ನೀರಿನ ಪರಿಣಾಮ ಸ್ವಲ್ಪ ಹೊತ್ತಿನಲ್ಲೇ ಮುಗಿಯುತ್ತದೆ, ಗುಳಿಗೆ ಮಾತ್ರ ಹಲವು ಗಂಟೆ ಕಿಂಡಿಯನ್ನು ಹಿಡಿದೇ ಇರುತ್ತದೆ. ಮಧ್ಯಾಹ್ನ ಎದ್ದು ಕೂತವರು ರಾತ್ರಿ ಮತ್ತೆ ಬೀಳಬಹುದು. ಮೂತ್ರಪಿಂಡ ಕುಗ್ಗಿದ ವಯಸ್ಸಾದವರಲ್ಲಿ, ಅದರಲ್ಲೂ ಗ್ಲಿಬೆನ್‌ಕ್ಲಮೈಡ್ ನುಂಗುವವರಲ್ಲಿ, ಇದು ಇನ್ನೂ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆ ತನ್ನ ಅಗತ್ಯ ಔಷಧಗಳ ಪಟ್ಟಿಯಲ್ಲಿ 60 ದಾಟಿದವರಿಗೆ ಗ್ಲಿಬೆನ್‌ಕ್ಲಮೈಡ್ ತಕ್ಕದ್ದಲ್ಲ ಎಂದು ಸೂಚಿಸಿದ್ದು ಇದೇ ಕಾರಣಕ್ಕೆ.

ಹಾಗೆಂದು ಈ ಗುಳಿಗೆ ಕೆಟ್ಟದ್ದಲ್ಲ. ಅಗ್ಗ, ಪರಿಣಾಮಕಾರಿ, ದಶಕಗಳ ಅನುಭವ ಇದರ ಹಿಂದಿದೆ. ಬೀಟಾ ಕೋಶಗಳು ಉಳಿದಿರುವವರೆಗೆ ಕೆಲಸ ಮಾಡುತ್ತದೆ. ವರ್ಷಗಳು ಕಳೆದಂತೆ ಕೋಶಗಳು ಸೋತರೆ ಗುಳಿಗೆ ಸಾಲದೆ ಇನ್ಸುಲಿನ್ ಸೂಜಿ ಬೇಕಾಗುತ್ತದೆ.

ಕಿಂಡಿ ಮುಚ್ಚದ ಮಕ್ಕಳು

ಹುಟ್ಟಿದ ಕೆಲವೇ ವಾರಗಳಲ್ಲಿ ಸಕ್ಕರೆ ಕಾಯಿಲೆ ಕಾಣಿಸಿಕೊಳ್ಳುವ ಶಿಶುಗಳಿವೆ. ಅಪರೂಪ, ಆದರೆ ಇವೆ. ಇದನ್ನು ದೊಡ್ಡ ಮಕ್ಕಳಲ್ಲಿ ಬರುವ ಟೈಪ್ 1 ಕಾಯಿಲೆ ಎಂದೇ ಬಗೆದು ಜೀವನಪೂರ್ತಿ ಇನ್ಸುಲಿನ್ ಚುಚ್ಚುವುದೊಂದೇ ದಾರಿ ಎಂದು ನಂಬಲಾಗಿತ್ತು. ಟೈಪ್ 1ರಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ಬೀಟಾ ಕೋಶಗಳನ್ನು ನಾಶ ಮಾಡುತ್ತದೆ. ಕೋಶವೇ ಇಲ್ಲದಿದ್ದರೆ ಮುಚ್ಚಲು ಕಿಂಡಿ ಎಲ್ಲಿಂದ?

2004ರಲ್ಲಿ ಇಂಗ್ಲೆಂಡಿನ ಎಕ್ಸೆಟರ್‌ನ ಆಂಡ್ರ್ಯೂ ಹ್ಯಾಟರ್ಸ್‌ಲಿ, ಆನಾ ಗ್ಲೋಯ್ನ್ ಮತ್ತು ಜೊತೆಗಾರರು ಇಂಥ ಹಲವು ಶಿಶುಗಳಲ್ಲಿ ಕೋಶಗಳು ಚೆನ್ನಾಗಿಯೇ ಇವೆ, ಕಿಂಡಿಯ ರಂಧ್ರದ ತುಂಡನ್ನು ಕಟ್ಟುವ ವಂಶವಾಹಿಯಲ್ಲಿ ಮಾತ್ರ ಒಂದು ಬದಲಾವಣೆ ಇದೆ ಎಂದು ತೋರಿಸಿದರು. ಅಲ್ಲಿ ಎಟಿಪಿ ಬಂದರೂ ಕಿಂಡಿ ಮುಚ್ಚುವುದಿಲ್ಲ. ಮಗು ಹಾಲು ಕುಡಿಯುತ್ತದೆ, ಸಕ್ಕರೆ ಏರುತ್ತದೆ, ಕೋಶದೊಳಗೆ ಎಟಿಪಿಯೂ ಏರುತ್ತದೆ, ಇನ್ಸುಲಿನ್ ತುಂಬಿದ ಚೀಲಗಳೂ ಇವೆ. ಕಿಂಡಿ ತೆರೆದೇ ಇರುವುದರಿಂದ ಮಟ್ಟ ಏರುವುದಿಲ್ಲ, ಒಂದು ಚೀಲವೂ ಒಡೆಯುವುದಿಲ್ಲ.

ಹಾಳಾಗಿರುವುದು ರಂಧ್ರದ ತುಂಡು, ಗುಳಿಗೆ ಹಿಡಿಯುವುದು ಕಾವಲಿನ ತುಂಡನ್ನು. ಹಾಗಾದರೆ ಗುಳಿಗೆ ಇಲ್ಲೂ ಕಿಂಡಿ ಮುಚ್ಚಿಸಬಹುದಲ್ಲ? 2006ರಲ್ಲಿ ಅದೇ ಬಳಗ ಇಂಥ 49 ಮಂದಿಗೆ ಇನ್ಸುಲಿನ್ ಬದಲು ಸಲ್ಫೋನೈಲ್‌ಯೂರಿಯ ಕೊಟ್ಟು ನೋಡಿದ ಫಲಿತಾಂಶ ಪ್ರಕಟಿಸಿತು. 44 ಮಂದಿ ಇನ್ಸುಲಿನ್ ಸೂಜಿಯನ್ನು ಪೂರ್ತಿ ಬಿಟ್ಟರು. ಅವರ ಸಕ್ಕರೆ ಸೂಜಿಯ ಕಾಲಕ್ಕಿಂತ ಚೆನ್ನಾಗಿ ಹತೋಟಿಗೆ ಬಂತು. ಇನ್ನೂ ಒಂದು ಸೋಜಿಗ: ಈ ಗುಳಿಗೆಯಲ್ಲಿ ಇವರ ಸಕ್ಕರೆ ತೀರ ಕುಸಿಯುವುದು ಕಡಿಮೆ. ಕಿಂಡಿ ತಕ್ಕಮಟ್ಟಿಗೆ ಮುಚ್ಚಿದ ಮೇಲೆ ಊಟದ ಸಕ್ಕರೆಗೆ ಓಗೊಡುವ ಬೇರೆ ದಾರಿಗಳು ಕೋಶದಲ್ಲಿ ಕೆಲಸ ಆರಂಭಿಸುತ್ತವೆ. ಇದೇ ಕಿಂಡಿ ಮಿದುಳಿನಲ್ಲೂ ಇರುವುದರಿಂದ ಕೆಲವು ಮಕ್ಕಳಲ್ಲಿ ಬೆಳವಣಿಗೆ ಹಿಂದುಳಿಯುತ್ತದೆ, ಅಪಸ್ಮಾರ ಬರುತ್ತದೆ. ಅವರಿಗೆ ಗುಳಿಗೆ ಎಷ್ಟು ಬೇಗ ಸಿಕ್ಕರೆ ಅಷ್ಟು ಒಳ್ಳೆಯದು.

ಇದಕ್ಕೆ ತದ್ವಿರುದ್ಧವೂ ಇದೆ. ಕಿಂಡಿಯೇ ಸರಿಯಾಗಿ ಕಟ್ಟಿಲ್ಲದ ಅಥವಾ ಸದಾ ಮುಚ್ಚಿರುವ ಶಿಶುಗಳಲ್ಲಿ ಊಟ ಇರಲಿ ಬಿಡಲಿ ಇನ್ಸುಲಿನ್ ಸುರಿಯುತ್ತಲೇ ಇರುತ್ತದೆ. ಹುಟ್ಟಿದ ದಿನವೇ ಸಕ್ಕರೆ ಕುಸಿದು ಫಿಟ್ಸ್ ಬರಬಹುದು. ಡಯಜಾಕ್ಸೈಡ್ ಎಂಬ ಮದ್ದು ಕಿಂಡಿಯನ್ನು ತೆರೆಸುತ್ತದೆ. ಕಿಂಡಿ ಇದ್ದರೆ ತೆರೆಯುತ್ತದೆ, ಕಿಂಡಿಯೇ ಇಲ್ಲದವರಲ್ಲಿ ಅದರಿಂದ ಪ್ರಯೋಜನವಿಲ್ಲ. ಅಂಥವರಲ್ಲಿ ಕೆಲವರಿಗೆ ಗ್ರಂಥಿಯ ಭಾಗವನ್ನೇ ತೆಗೆಯಬೇಕಾಗುತ್ತದೆ.

ಆರು ತಿಂಗಳೊಳಗಿನ ಮಗುವಿಗೆ ಸಕ್ಕರೆ ಕಾಯಿಲೆ ಎಂದು ತಿಳಿದರೆ ಕೂಡಲೇ ಇನ್ಸುಲಿನ್ ಕೊಟ್ಟು ಜೀವ ಉಳಿಸಬೇಕು, ಜೊತೆಗೇ ವಂಶವಾಹಿ ಪರೀಕ್ಷೆಗೆ ರಕ್ತ ಕಳಿಸಬೇಕು ಎಂಬುದು ಈಗ ಜಗತ್ತಿನಾದ್ಯಂತ ಒಪ್ಪಿರುವ ಕ್ರಮ. ಆರು ತಿಂಗಳೊಳಗೆ ಬರುವ ಕಾಯಿಲೆ ಟೈಪ್ 1 ಆಗಿರುವುದು ತೀರ ವಿರಳ. ಪರೀಕ್ಷೆಗೆ ದೂರದೇಶಕ್ಕೇ ಹೋಗಬೇಕಿಲ್ಲ, ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ ಭಾರತದ ಮಕ್ಕಳಲ್ಲಿ ಈ ವಂಶವಾಹಿಗಳನ್ನು ಪರೀಕ್ಷಿಸುತ್ತ ಬಂದಿದೆ. ಒಬ್ಬ ವ್ಯಕ್ತಿಗೆ ಈಗ 30 ವರ್ಷವಾಗಿದ್ದರೂ ಸರಿ, ಕಾಯಿಲೆ ಶುರುವಾದದ್ದು ಎದೆಹಾಲಿನ ದಿನಗಳಲ್ಲಿ ಎಂದಾದರೆ ಆ ಪರೀಕ್ಷೆ ಇಂದಿಗೂ ಮಾಡಿಸಬಹುದು. ವರ್ಷಗಟ್ಟಲೆ ಸೂಜಿ ಚುಚ್ಚಿಕೊಂಡವರೂ ಫಲಿತಾಂಶ ಬಂದ ಮೇಲೆ ವೈದ್ಯರ ನಿಗಾದಲ್ಲಿ ಗುಳಿಗೆಗೆ ಬದಲಾಗಿದ್ದಾರೆ.